ಇಪ್ಪತ್ತಮೂರು ಲಿಪ್‌ಸ್ಟಿಕ್ಕೂ ಮೂರು ಚಾಪೆಯ ಕೋಣೆಯೂ

ಇನ್ನು ಮುಂದೆ ಈ ಮನೆಯ ಹೊಸ್ತಿಲನ್ನು ಒಂದೇ ಒಂದು ಹೊಸ ಲಿಪ್‌ಸ್ಟಿಕ್ ಕೂಡ ದಾಟುವುದಿಲ್ಲ ಎಂದು ನಾನು, ಸುಮಿಕೊ ಹಮಾಗುಚಿ, ಏಪ್ರಿಲ್ ತಿಂಗಳ ಒಂದು ಭಾನುವಾರ ಮಿಸೊ ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಘೋಷಿಸಿದೆ. ಈ ಮಾತ್ಸುಯಾಮಾ ಊರಿನಲ್ಲಿ ನನ್ನಷ್ಟು ಮನೋಬಲ ಇರುವ ಹೆಂಗಸು ಇನ್ನೊಬ್ಬಳಿಲ್ಲ ಎಂದು ಆ ಹೊತ್ತಿಗೆ ನನಗೆ ಗಟ್ಟಿಯಾಗಿ ಅನ್ನಿಸಿತ್ತು.

ಪ್ರತಿಜ್ಞೆಗೆ ಕಾರಣವಿತ್ತು. ಅಂದು ಬೆಳಿಗ್ಗೆ ನಮ್ಮವರು ಹಲ್ಲುಜ್ಜುತ್ತಿದ್ದಾಗ ಬೇಸಿನ್ ಮೇಲಿನ ಕನ್ನಡಿ ಕಪಾಟು ಭಾರ ತಾಳಲಾರದೆ ಬಾಯಿಬಿಟ್ಟು, ಒಳಗಿದ್ದದ್ದೆಲ್ಲ ಅವರ ತಲೆಯ ಮೇಲೆ ಸುರಿಯಿತು. ಅವರು ಬಾಯಿಯ ನೊರೆ ಕೂಡ ಉಗುಳದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಎಣಿಸಿದರು. ಇಪ್ಪತ್ತಮೂರು ಲಿಪ್‌ಸ್ಟಿಕ್, ಒಂಬತ್ತು ಪೌಡರು, ಹದಿನಾಲ್ಕು ಕ್ರೀಮು.

"ನಿನಗಿರೋದು ಒಂದೇ ಬಾಯಿ," ಎಂದರು. "ಅದಕ್ಕೂ ಮೂರು ಹೊತ್ತು ಬಿಡುವಿಲ್ಲ. ಬಣ್ಣ ನಿಲ್ಲೋದಾದ್ರೂ ಎಲ್ಲಿ?"

"ಇದನ್ನೆಲ್ಲ ಮುಗಿಸ್ತೀನಿ. ಮುಗಿಸೋವರೆಗೆ ಒಂದೂ ಕೊಳ್ಳಲ್ಲ."

"ನೀನಾ?"

ಆ 'ನೀನಾ' ಎಂಬ ಒಂದು ಮಾತು ನನ್ನನ್ನು ಹಾಳುಮಾಡಿತು.

"ಪಂದ್ಯ ಕಟ್ಟಿ," ಎಂದೆ. "ವರ್ಷದ ಕೊನೆಯ ಮನೆ ತೊಳೆಯೋ ದಿನ ಈ ಕಪಾಟಲ್ಲಿ ಒಂದೊಂದು ಬಗೆಗೆ ಒಂದೊಂದೇ ಇರುತ್ತೆ. ಗೆದ್ರೆ ಆ ಮೂರು ಚಾಪೆ ಕೋಣೆ ನನ್ನದು."

ಆ ಕೋಣೆಯ ವಿಷಯ ಹೇಳಬೇಕು. ಮೂರು ಚಾಪೆ ಹಾಸಿದರೆ ಮುಗಿಯುವ ಕೋಣೆ ಅದು. ಒಳಗೆ ಇರುವುದು ಬರೀ ರೈಲು ವೇಳಾಪಟ್ಟಿ. ನಮ್ಮವರು, ಹೆಸರು ಶಿಗೆಹಾರು, ನಗರದ ನೀರು ಸರಬರಾಜು ಕಚೇರಿಯಲ್ಲಿರುವವರು, ರೈಲು ಹತ್ತುವುದು ವರ್ಷಕ್ಕೊಮ್ಮೆ, ಅದೂ ನನ್ನ ಬಲವಂತಕ್ಕೆ. ಆದರೆ ಮೂವತ್ತೊಂದು ವರ್ಷದಿಂದ ತಿಂಗಳಿಗೊಂದರಂತೆ ಇಟ್ಟಿಗೆ ದಪ್ಪದ ವೇಳಾಪಟ್ಟಿ ಪುಸ್ತಕ ತಂದು ಪೇರಿಸಿದ್ದಾರೆ. ಯಾವತ್ತೋ ನಿಂತುಹೋದ ರೈಲು ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರುತ್ತಿತ್ತು ಎಂದು ಓದಿ ಸಂತೋಷಪಡುವ ಮನುಷ್ಯ. ಇತ್ತ ನನ್ನ ಅಮ್ಮನ ಹೊಲಿಗೆ ಯಂತ್ರ ಊಟದ ಮೇಜಿನ ಕೆಳಗೆ ಅನಾಥವಾಗಿ ಬಿದ್ದಿದೆ. ಅಮ್ಮ ಅದರಲ್ಲಿ ಊರವರ ಬಟ್ಟೆ ಹೊಲಿದೇ ನಮ್ಮನ್ನು ಸಾಕಿದ್ದು. ನಾನು ಒಂದು ಲಂಗ ಹೊಲಿಯಬೇಕೆಂದರೆ ತಟ್ಟೆ ಎತ್ತಿ, ಮೇಜು ಒರೆಸಿ, ಯಂತ್ರ ಎತ್ತಿಡುವಷ್ಟರಲ್ಲಿ ಮುಂದಿನ ಊಟದ ಹೊತ್ತು. ಈ ಮನೆಯಲ್ಲಿ ನನ್ನದು ಅಂತ ಒಂದು ಮೂಲೆ ಬೇಕು ಎಂದು ಇಪ್ಪತ್ತು ವರ್ಷದಿಂದ ಹೊಟ್ಟೆ ಉರಿಯುತ್ತಿದೆ.

"ಆಯ್ತು," ಎಂದರು ನಮ್ಮವರು, ನೊರೆ ನುಂಗಿ. "ಗೆದ್ರೆ ಕೋಣೆ ನಿನ್ನದು. ಸೋತ್ರೆ ಇನ್ನು ಜನ್ಮದಲ್ಲಿ ಆ ಕೋಣೆ ಸುದ್ದಿ ಎತ್ತಬಾರದು."

ಮೇ ತಿಂಗಳಿಂದ ನಾನು ಮುಗಿಸುವ ಕೆಲಸಕ್ಕೆ ಸೊಂಟ ಕಟ್ಟಿ ನಿಂತೆ. ಬೆಳಿಗ್ಗೆ ಒಂದು ಕ್ರೀಮು, ಅದರ ಮೇಲೆ ಇನ್ನೊಂದು, ಎರಡರ ಜಗಳ ಬಿಡಿಸಲು ಮೂರನೆಯದು. ಮಲಗಿದರೆ ತಲೆ ದಿಂಬಿನ ಮೇಲೆ ನಿಲ್ಲುತ್ತಿರಲಿಲ್ಲ, ಜಾರುತ್ತಿತ್ತು. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹತ್ತಿರ ಕೂತು ಚೀಟಿ ಬರೆಯುವವಳು. ಹದಿನೈದು ವರ್ಷದ ಹಿಂದಿನ ನೀಲಿ ಬಣ್ಣ ಕಣ್ಣಿನ ರೆಪ್ಪೆಗೆ, ಕಿತ್ತಳೆ ಬಣ್ಣ ತುಟಿಗೆ, ಇಟ್ಟಿಗೆ ಬಣ್ಣ ಕೆನ್ನೆಗೆ ಬಳಿದುಕೊಂಡು ಕೂರುತ್ತಿದ್ದೆ. ಒಂದು ಮಗು ನನ್ನನ್ನು ಕಂಡು ಅಳು ಶುರುಮಾಡಿತು. ಹಲ್ಲು ಕೀಳಿಸುವಾಗಲೂ ಅಷ್ಟು ಅಳಲಿಲ್ಲವಂತೆ.

ಡಾಕ್ಟರು ಮಧ್ಯಾಹ್ನ ಮೆಲ್ಲಗೆ ಕರೆದರು. "ಹಮಾಗುಚಿಯವರೇ, ಮನೇಲಿ ಎಲ್ಲಾ ಸರಿಯಾಗಿದೆ ತಾನೇ?"

"ಎಲ್ಲಾ ಚೆನ್ನಾಗಿದೆ ಡಾಕ್ಟ್ರೇ. ಯಾಕೆ?"

"ಏನಿಲ್ಲ. ರೋಗಿಗಳು ಕೇಳ್ತಿದ್ರು. ನಿಮಗೆ ಯಾರೋ ಹೊಡೀತಿದ್ದಾರಾ ಅಂತ."

ಇಷ್ಟು ಮಾನ ಕಳೆದುಕೊಂಡರೂ ಅಕ್ಟೋಬರ್ ಹೊತ್ತಿಗೆ ಮುಗಿದದ್ದು ಎರಡು ಲಿಪ್‌ಸ್ಟಿಕ್, ಒಂದು ಕ್ರೀಮು. ಲಿಪ್‌ಸ್ಟಿಕ್ ಎನ್ನುವುದು ಹಠಮಾರಿ ಜಾತಿ. ದಿನಕ್ಕೆ ಆರು ಸಲ ಬಳಿದರೂ ಮಾರನೆಯ ದಿನ ನಿನ್ನೆಯಷ್ಟೇ ಉದ್ದ ನಿಂತಿರುತ್ತದೆ. ನಮ್ಮವರು ದಿನಾ ಹಲ್ಲುಜ್ಜಲು ಹೋಗಿ, ಕಪಾಟು ತೆರೆದು, ಏನೂ ಹೇಳದೆ ಮುಚ್ಚಿ ಬರುತ್ತಿದ್ದರು. ಏನಾದರೂ ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆ ಸುಖವನ್ನೂ ಕೊಡಲಿಲ್ಲ.

ನವೆಂಬರಿನಲ್ಲಿ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಪಂದ್ಯದಲ್ಲಿ 'ಕೊಳ್ಳಬಾರದು' ಎಂದಿದೆಯೇ ಹೊರತು 'ಕೊಡಬಾರದು' ಎಂದು ಎಲ್ಲಿದೆ? ನಮ್ಮ ಕಟ್ಟಡಕ್ಕೆ ಮೂರು ಅಂತಸ್ತು, ನಮ್ಮದು ಬಿಟ್ಟು ಹನ್ನೊಂದು ಮನೆ. ಸೀಲು ಒಡೆಯದ ಹನ್ನೊಂದು ಡಬ್ಬಿ ಆರಿಸಿ, ಚೆಂದದ ಕಾಗದ ಸುತ್ತಿ, "ಏನೂ ಅಲ್ಲದ ವಸ್ತು, ದಯವಿಟ್ಟು ತಗೊಳ್ಳಿ" ಎಂದು ಬಾಗಿ ಬಾಗಿ ಹನ್ನೊಂದು ಬಾಗಿಲಲ್ಲೂ ಕೊಟ್ಟು ಬಂದೆ. ಸೊಂಟ ಹಿಡಿದುಕೊಂಡರೂ ಕಪಾಟು ಹಗುರಾಯಿತು.

ಈಗ ನೀವು ಕೇಳಬಹುದು, ಪಡೆದದ್ದಕ್ಕೆ ಅರ್ಧದಷ್ಟಾದರೂ ಹಿಂದಿರುಗಿಸದೆ ನಿದ್ದೆ ಮಾಡದ ಜನರ ನಡುವೆ ನಲವತ್ತೆಂಟು ವರ್ಷ ಬಾಳಿದವಳಿಗೆ ಇಷ್ಟೂ ಗೊತ್ತಾಗಲಿಲ್ಲವೇ ಎಂದು. ಗೊತ್ತಿತ್ತು. ಆದರೆ ನನ್ನ ಲೆಕ್ಕಾಚಾರ ಬೇರೆ. ನಮ್ಮ ಕಡೆ ಚಳಿಗಾಲ ಬಂತೆಂದರೆ ಮನೆಮನೆಯಲ್ಲೂ ಕಿತ್ತಳೆ. ಯಾರಿಗೆ ಏನು ಕೊಡಿ, ತಿರುಗಿ ಬರುವುದು ಒಂದು ಚೀಲ ಕಿತ್ತಳೆ. ಬರಲಿ, ತಿಂದರಾಯಿತು ಎಂದುಕೊಂಡಿದ್ದೆ.

ಮೂರನೆಯ ದಿನ ಪಕ್ಕದ ಮನೆಯ ನಿನೊಮಿಯಾ ಬಂದರು. ಕೈಯಲ್ಲಿ ಕಿತ್ತಳೆ ಇರಲಿಲ್ಲ.

"ನಿಮಗೆ ಅಲಂಕಾರ ಅಂದ್ರೆ ಎಷ್ಟು ಇಷ್ಟ ಅಂತ ನಮಗೆಲ್ಲ ಗೊತ್ತು," ಎಂದರು, ನನ್ನ ನೀಲಿ ರೆಪ್ಪೆ ನೋಡುತ್ತ. "ಅಂಥೋರಿಗೆ ಕಿತ್ತಳೆ ಕೊಡೋಕೆ ಮನಸ್ಸು ಬರಲಿಲ್ಲ."

ಡಬ್ಬಿ ತೆರೆದರೆ ನಾಲ್ಕು ಲಿಪ್‌ಸ್ಟಿಕ್, ಒಂದು ಪೌಡರು.

ವಾರದೊಳಗೆ ಹನ್ನೊಂದು ಮನೆಯಿಂದಲೂ ಬಂತು. ಎಲ್ಲರ ಮನೆಯಲ್ಲೂ ಬಳಸದೆ ಉಳಿದದ್ದು ಇತ್ತೆಂದು ಕಾಣುತ್ತದೆ, ಎಲ್ಲರೂ ನನ್ನ ಹಾಗೆಯೇ ದಾರಿ ಕಾಯುತ್ತಿದ್ದರು. ಮೇಲಿನ ಅಂತಸ್ತಿನ ಎಂಬತ್ತೊಂಬತ್ತರ ಶಿರಾಯಿಶಿ ಅಜ್ಜಿ ಕೂಡ ಕೋಲೂರಿಕೊಂಡು ಇಳಿದು ಬಂದು, ಒಂದು ಪೆಟ್ಟಿಗೆ ಕೊಟ್ಟು, "ಹಚ್ಕೊಳಮ್ಮಾ, ವಯಸ್ಸಿದ್ದಾಗಲೇ ಹಚ್ಕೋಬೇಕು" ಎಂದು ಹರಸಿ ಹೋದರು. ಹನ್ನೊಂದು ಕೊಟ್ಟೆ, ಮೂವತ್ತೆಂಟು ಬಂದವು. ಉಗುಳುವಂತಿಲ್ಲ, ನುಂಗುವಂತಿಲ್ಲ.

ಡಿಸೆಂಬರ್ ಇಪ್ಪತ್ತೇಳು. ಮಾರನೆಯ ದಿನವೇ ಮನೆ ತೊಳೆಯುವ ದಿನ, ಅಂದರೆ ತೀರ್ಪು. ಆಗ ನಾನು ಮಾಡಬಾರದ್ದನ್ನು ಮಾಡಿದೆ. ಕಪಾಟಿನಲ್ಲಿ ಬಗೆಗೊಂದು ಉಳಿಸಿ, ಬಳಸಿದ್ದನ್ನೆಲ್ಲ ಚೀಲಕ್ಕೆ ತುಂಬಿ ಕ್ಲಿನಿಕ್ಕಿನ ನನ್ನ ಬೀರುವಿಗೆ ಸಾಗಿಸಿದೆ. ಉಳಿದದ್ದು ನೆರೆಯವರು ಕೊಟ್ಟ ಹನ್ನೊಂದು ಪೆಟ್ಟಿಗೆ. ಅವನ್ನು ಹೊಸವರ್ಷದ ನಂತರ ಈ ಮನೆಯದು ಆ ಮನೆಗೆ ದಾಟಿಸುವ ಯೋಚನೆ. ಕೊಟ್ಟವರ ಹೆಸರಿದ್ದ ಕಾಗದವನ್ನೆಲ್ಲ ಬಿಚ್ಚಿ ತೆಗೆದೆ. ಯಾರದು ಯಾವುದೆಂದು ಮರೆಯಬಾರದಲ್ಲ, ಅದಕ್ಕೆ ಮನೆಗಳಿರುವ ಕ್ರಮದಲ್ಲೇ ಪೇರಿಸಿದೆ. ಮೇಲಂತಸ್ತಿನವು ಮೇಲೆ, ನಡುವಿನವು ನಡುವೆ, ನಮ್ಮ ಅಂತಸ್ತಿನವು ಕೆಳಗೆ. ಪೇರಿಸಿದ್ದು ಎಲ್ಲಿ ಎನ್ನುತ್ತೀರಿ? ಮೂರು ಚಾಪೆಯ ಕೋಣೆಯಲ್ಲಿ, ವೇಳಾಪಟ್ಟಿಗಳ ಹಿಂದೆ. ಕೋಣೆ ಪಣಕ್ಕೆ ಬಿತ್ತೆಂದು ಬೇಸಿಗೆಯಿಂದ ನಮ್ಮವರು ಮುನಿಸಿಕೊಂಡು ಅಲ್ಲಿಗೆ ಕಾಲೇ ಇಟ್ಟಿರಲಿಲ್ಲ, ಹೊಸ ವೇಳಾಪಟ್ಟಿಗಳನ್ನೂ ಮಲಗುವ ಕೋಣೆಯಲ್ಲೇ ಪೇರಿಸುತ್ತಿದ್ದರು.

ಮಾರನೆಯ ದಿನ ಕ್ಲಿನಿಕ್ಕಿನಲ್ಲಿ ವರ್ಷದ ಕೊನೆಯ ಅರ್ಧ ದಿನ ಮುಗಿಸಿ ಗೆದ್ದವಳ ನಡಿಗೆಯಲ್ಲಿ ಮನೆಗೆ ಬಂದೆ. ನಮ್ಮವರು ತಲೆಗೆ ಟವೆಲ್ ಕಟ್ಟಿಕೊಂಡು ಹಜಾರದಲ್ಲಿ ಕೂತಿದ್ದರು. ಪಕ್ಕದಲ್ಲಿ ನಾಲ್ಕು ದೊಡ್ಡ ಕಟ್ಟು ಟಾಯ್ಲೆಟ್ ಪೇಪರು.

"ಕಪಾಟು ನೋಡಿದೆ," ಎಂದರು. "ಒಂದೊಂದೇ ಇದೆ. ನೀನು ಗೆದ್ದೆ. ನಿನ್ನ ಕೈಲಿ ಆಗಲ್ಲ ಅಂದ್ಕೊಂಡಿದ್ದೆ, ನನ್ನದು ತಪ್ಪು."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಎದ್ದು ಕೋಣೆಯ ಬಾಗಿಲು ಸರಿಸಿದರು. ಬೋಳು ಚಾಪೆ. ಗೋಡೆಯ ಮೇಲೆ ಪುಸ್ತಕ ಒರಗಿದ್ದ ಗುರುತು ಮಾತ್ರ.

"ಹಳೇ ಪೇಪರ್ ತಗೊಂಡು ಟಾಯ್ಲೆಟ್ ಪೇಪರ್ ಕೊಡೋ ಗಾಡಿ ಬಂದಿತ್ತು. ಎಲ್ಲಾ ಕಟ್ಟಿ ಕೊಟ್ಟುಬಿಟ್ಟೆ. ಮೂವತ್ತೊಂದು ವರ್ಷಕ್ಕೆ ನಲವತ್ತೆಂಟು ರೋಲು ಕೊಟ್ಟ." ನಗಲು ನೋಡಿದರು, ಆಗಲಿಲ್ಲ. "ಮಾತು ಅಂದ್ರೆ ಮಾತು."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಈ ಮನುಷ್ಯ ನನ್ನ ಮಾತು ನಂಬಿ ಜೀವದಂತೆ ಇಟ್ಟಿದ್ದನ್ನು ಕಟ್ಟಿ ಕೊಟ್ಟಿದ್ದಾರೆ. ಆದರೂ ನೋಡಿ ನನ್ನ ಕೆಟ್ಟ ಬುದ್ಧಿ, ಮೊದಲು ಬಾಯಿಗೆ ಬಂದದ್ದು ಬೇರೆಯೇ ಪ್ರಶ್ನೆ.

"ರೀ, ಅಲ್ಲಿ ಪೆಟ್ಟಿಗೆಗಳಿದ್ವಲ್ಲ?"

"ಹೂಂ, ವರ್ಷದ ಕೊನೆಯ ಉಡುಗೊರೆ ಅಂತ ಜೋಡಿಸಿ ಇಟ್ಟಿದ್ದೆಯಲ್ಲ. ಸರಿಯಾಗಿ ಹನ್ನೊಂದು. ನಿನಗೆ ಕ್ಲಿನಿಕ್ ಕೆಲಸ, ಪಾಪ ಅಂತ ನಾನೇ ಹಂಚಿ ಬಂದೆ."

"ಹೇಗೆ ಹಂಚಿದ್ರಿ?"

"ಹೇಗೆ ಅಂದ್ರೆ? ಮೇಲಿನ ಅಂತಸ್ತಿಂದ ಶುರುಮಾಡಿ, ಮೇಲಿಂದ ಒಂದೊಂದು ತೆಗೆದು, ಬಾಗಿಲಿಗೊಂದು ಕೊಡ್ತಾ ಇಳಿದುಬಂದೆ."

ಕೊಟ್ಟದ್ದು ತನಗೆ, ಬಚ್ಚಿಟ್ಟದ್ದು ಪರರಿಗೆ ಎಂಬ ಗಾದೆ ಇಷ್ಟು ಅಕ್ಷರಶಃ ನಡೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂದೇ ಒಂದು ಪೆಟ್ಟಿಗೆ ಅದಲುಬದಲಾಗಿದ್ದರೂ ಏನಾದರೂ ಸಬೂಬು ಹೇಳಬಹುದಿತ್ತು. ಹನ್ನೊಂದು ಮನೆಗೂ ಅವರವರದೇ ಪೆಟ್ಟಿಗೆ, 'ನಿಮ್ಮದು ನಮಗೆ ಬೇಡ' ಎಂದು ಮುಖಕ್ಕೆ ಎಸೆದ ಹಾಗೆ, ಅದೂ ವರ್ಷದ ಕೊನೆಯ ದಿನಗಳಲ್ಲಿ, ನನ್ನ ಗಂಡನ ಕೈಯಿಂದ, ನಗುನಗುತ್ತ ವಾಪಸಾಗಿತ್ತು. ತಪ್ಪು ಮಾಡುವವರು ಇಷ್ಟು ಅಚ್ಚುಕಟ್ಟಾಗಿ ಮಾಡಬೇಕೇ?

ಬಾಗಿಲ ಗಂಟೆ ಸದ್ದಾಯಿತು. ನಿನೊಮಿಯಾ. ಒಂದು ಚೀಲ ಕಿತ್ತಳೆ ಹಿಡಿದು ಸೊಂಟದವರೆಗೆ ಬಾಗಿದ್ದರು.

"ನಾವು ಕೊಟ್ಟದ್ದು ನಿಮಗೆ ಒಗ್ಗಲಿಲ್ಲ ಅಂತ ಕಾಣುತ್ತೆ. ನಮ್ಮದೇ ತಪ್ಪು. ಮೊದಲೇ ಕಿತ್ತಳೆ ಕೊಡಬೇಕಿತ್ತು."

ಅವರ ಹಿಂದೆ ಶಿರಾಯಿಶಿ ಅಜ್ಜಿ, ಕೋಲು ಒಂದು ಕೈಯಲ್ಲಿ, ಕಿತ್ತಳೆ ಇನ್ನೊಂದರಲ್ಲಿ. "ತಾರೀಕು ಮುಗಿದಿತ್ತೇನಮ್ಮಾ? ನನಗೆ ಕಣ್ಣು ಕಾಣಲ್ಲ. ಬೇಜಾರು ಮಾಡ್ಕೋಬೇಡ."

ಅಜ್ಜಿಯ ಕೈ ಹಿಡಿದು "ತಪ್ಪು ನಂದು ಅಜ್ಜೀ, ನಿಮ್ಮದಲ್ಲ" ಎಂದು ನಾನು ಬಾಗಿದೆ, ಅವರು ಬಾಗಿದರು, ಹಿಂದಿನವರು ಬಾಗಿದರು. ಹನ್ನೊಂದು ಚೀಲ ಕಿತ್ತಳೆ ಸೇರುವವರೆಗೆ ಹೀಗೆ ಬಾಗುತ್ತಲೇ ಇದ್ದೆವು.

ಬಾಗಿಲು ಮುಚ್ಚಿ ನಮ್ಮವರ ಮುಂದೆ ಮಂಡಿಯೂರಿ ಕೂತು ಎಲ್ಲ ಒಪ್ಪಿಕೊಂಡೆ. ಬಚ್ಚಿಟ್ಟದ್ದು, ಕ್ಲಿನಿಕ್ಕಿನ ಬೀರು, ಎಲ್ಲ.

"ಅಂದ್ರೆ ನೀನು ಸೋತಿದ್ದೆ," ಎಂದರು.

"ಏಪ್ರಿಲ್‌ನಲ್ಲೇ ಸೋತಿದ್ದೆ."

"ಅಂದ್ರೆ ನನ್ನ ವೇಳಾಪಟ್ಟಿ…"

ದೂರದಲ್ಲಿ, ಮೂರು ಬೀದಿಯಾಚೆ, ಹಳೇ ಪೇಪರ್ ಗಾಡಿಯ ಮೈಕು ಇನ್ನೂ ಕೂಗುತ್ತಿತ್ತು. ನಾನು ಎರಡು ಕೈಗೆ ಎರಡು, ಕಂಕುಳಿಗೆ ಎರಡು ಟಾಯ್ಲೆಟ್ ಪೇಪರ್ ಕಟ್ಟು ಸಿಕ್ಕಿಸಿಕೊಂಡು ಓಡಿದೆ. ಮನೆಯ ಚಪ್ಪಲಿಯಲ್ಲೇ ಓಡಿದೆ. ಊರವರೆಲ್ಲ ಕಿಟಕಿ ತೊಳೆಯುವುದು ನಿಲ್ಲಿಸಿ ನೋಡಿದರು. ರೈಲು ಬರುವುದಿತ್ತೆಂದು ಮುಚ್ಚಿದ್ದ ರೈಲ್ವೆ ಗೇಟಿನ ಹತ್ತಿರ ಗಾಡಿ ನಿಂತಿತ್ತು. ಆ ರೈಲಿಗೆ ಎಷ್ಟು ನಮಸ್ಕಾರ ಹೇಳಿದರೂ ಸಾಲದು.

"ಅಕ್ಕಾ," ಎಂದ ಗಾಡಿಯವನು, "ಪೇಪರ್ ವಾಪಸ್ ಕೊಟ್ಟು ಪೇಪರ್ ಬಿಡಿಸ್ಕೊಳ್ಳೋರನ್ನ ಇವತ್ತೇ ನೋಡಿದ್ದು. ಹತ್ತಿ, ಮನೆಗೆ ಬಿಡ್ತೀನಿ." ಪುಸ್ತಕಗಳ ಜೊತೆಗೆ ನನ್ನನ್ನೂ ಹೇರಿಕೊಂಡು ಬಂದ. ಅವನಿಗೆ ಮೂರು ಚೀಲ ಕಿತ್ತಳೆ ಕೊಟ್ಟೆ.

ನಮ್ಮವರು ಒಂದೊಂದೇ ಪುಸ್ತಕದ ಧೂಳು ಒರೆಸಿ, ವರ್ಷದ ಪ್ರಕಾರ ಜೋಡಿಸಿದರು. ಕೆಲಸ ಮುಗಿದ ಮೇಲೆ ಕೋಣೆಯ ನಡುವೆ ನಿಂತು, ಒಂದು ಪಕ್ಕಕ್ಕೆ ಎಲ್ಲ ಒತ್ತಿ ಪೇರಿಸಿದರು. ಇನ್ನೊಂದು ಪಕ್ಕ ಖಾಲಿಯಾಯಿತು.

"ನೀನು ನನಗೆ ಇದನ್ನೆಲ್ಲ ತಂದುಕೊಟ್ಟೆ," ಎಂದರು. "ಪಡೆದದ್ದಕ್ಕೆ ಅರ್ಧ ಹಿಂದಿರುಗಿಸಬೇಕಲ್ಲ. ಒಂದೂವರೆ ಚಾಪೆ ನಿನ್ನದು."

ನನಗೆ ಅಳು ಬಂತು. ಮೋಸ ಮಾಡಿ ಸಿಕ್ಕಿಬಿದ್ದವಳಿಗೆ ಇಷ್ಟು ಕೊಡುವ ಗಂಡ ಯಾರಿಗಿದ್ದಾನೆ ಎಂದು ಕಣ್ಣೊರೆಸಿಕೊಂಡೆ. ಮೇಜಿನ ಕೆಳಗಿಂದ ಅಮ್ಮನ ಯಂತ್ರ ಎಳೆದುಕೊಂಡು ಬರುವಷ್ಟರಲ್ಲಿ ನಮ್ಮವರು ಮಲಗುವ ಕೋಣೆಯಲ್ಲಿದ್ದ ಇನ್ನೊಂದು ಪೇರು ವೇಳಾಪಟ್ಟಿ ತಂದು ನನ್ನ ಪಕ್ಕದಲ್ಲಿ ಇಳಿಸುತ್ತಿದ್ದರು.

"ರೀ, ಇದು ನನ್ನ ಒಂದೂವರೆ ಚಾಪೆ."

"ಹೌದು. ನನ್ನಿಂದ ಪಡೆದೆಯಲ್ಲ," ಎಂದರು, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ. "ಅದಕ್ಕೆ ಅರ್ಧ ನೀನು ಹಿಂದಿರುಗಿಸಬೇಡ್ವಾ?"

ಹೀಗೆ ನಾನೀಗ ಮುಕ್ಕಾಲು ಚಾಪೆಯ ಒಡತಿ. ಯಂತ್ರ ಹಿಡಿಸುತ್ತದೆ. ನಾನು ಹಿಡಿಸುವುದಿಲ್ಲ.