ಓಡದ ಕಾರಿನ ಒಡೆಯರು

"ಪ್ರಾಣ ಹೋದರೂ ಸರಿ, ಈ ಕಾರು ಗೇಟು ದಾಟಲ್ಲ" ಎಂದು ಬೈಂಡರ್ ಮಾವ ಶಪಥ ಮಾಡಿ ಮೂರು ವರ್ಷವಾಗಿತ್ತು. ಹಳೇ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಾದ್ದರಿಂದ ಬೀದಿಗೆಲ್ಲ ಅವರು ಬೈಂಡರ್ ಮಾವ.

ಕಾರೂ ಅಂತಿಂಥದ್ದಲ್ಲ ಬಿಡಿ. ಎರಡನೇ ಮಹಾಯುದ್ಧ ಮುಗಿದ ಮೂರನೇ ವರ್ಷ ಕಾರ್ಖಾನೆಯಿಂದ ಹೊರಬಿದ್ದದ್ದು. ಕಬ್ಬಿಣಕ್ಕೆ ಬರ, ಪೆಟ್ರೋಲಿಗೆ ಕ್ಯೂ ಇದ್ದ ಕಾಲದಲ್ಲಿ, ಕೈ ಬಿಗಿಯಿದ್ದವರೂ ನಾಲ್ಕು ಚಕ್ರದ ಮೇಲೆ ಕೂರಲಿ ಎಂದು ಮಾಡಿದ ಪುಟಾಣಿ. ಎರಡೇ ಬಾಗಿಲು, ಒಂದೇ ವೈಪರ್. ಸೀಟೆಂದರೆ ಕೊಳವೆಗೆ ಬಿಗಿದ ಕ್ಯಾನ್ವಾಸು. ಪೆಟ್ರೋಲ್ ಎಷ್ಟಿದೆಯೆಂದು ತಿಳಿಯಲು ಟ್ಯಾಂಕಿಗೆ ಕಡ್ಡಿ ಅದ್ದಬೇಕು. ಇದರ ಒಡಹುಟ್ಟಿದವನ್ನೆಲ್ಲ ಜನ ಸವೆಯುವ ತನಕ ಓಡಿಸಿ ಗುಜರಿಗೆ ಹಾಕಿದರು. ಇದೊಂದನ್ನು ಮಾತ್ರ ಯಾರೋ ಟೀಚರಮ್ಮ ಕಂಬಳಿ ಹೊದಿಸಿ ಕಾಪಾಡಿದ್ದರು; ಅವರಿಂದಲೇ ಮಾವ ಕೊಂಡದ್ದು. ಬೂದು ಬಣ್ಣ ಕಾರ್ಖಾನೆಯದ್ದೇ. ಮೀಟರಿನಲ್ಲಿ ಬರೀ ಹನ್ನೊಂದು ಸಾವಿರ ಮೈಲಿ!

ಅದನ್ನು ಹನ್ನೊಂದು ಸಾವಿರದ ಒಂದು ಮಾಡುವ ಪಾಪ ಮಾವನಿಗೆ ಬೇಡವಾಗಿತ್ತು. ಭಾನುವಾರಕ್ಕೊಮ್ಮೆ ಶೆಡ್ಡಿನಲ್ಲೇ ಇಂಜಿನ್ ಚಾಲೂ ಮಾಡುವರು, ಹತ್ತು ನಿಮಿಷ ಕಣ್ಣು ಮುಚ್ಚಿ ಕೇಳುವರು, ಆರಿಸುವರು.

ಇನ್ನು ಮಾವನ ಹೆಂಡತಿ, ಬೀದಿಯವರ ಬಾಯಲ್ಲಿ ಅತ್ತೆ. ಹದಿನೆಂಟು ವರ್ಷದಿಂದ ಸಿಟಿ ಬಸ್ಸಿನ ಡ್ರೈವರು.

"ಒಂದೇ ಒಂದು ಸುತ್ತು ಕೊಡ್ರೀ, ಸಾಕು."

"ಮೀಟರ್ ತಿರುಗುತ್ತೆ ಕಣೇ."

"ಓದದ ಪುಸ್ತಕ ಕಪಾಟಿಗೆ ಭಾರ, ಓಡದ ಕಾರು ಶೆಡ್ಡಿಗೆ ಭಾರ."

"ನಿನ್ನ ಬಸ್ಸಿನ ಕೈ ಇದಕ್ಕೆ ಒಗ್ಗಲ್ಲ."

ಅಸಲಿ ಸಂಗತಿ ಬೇರೆಯೇ ಇತ್ತು. ಮಾವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ! ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದ ಮಹಾನುಭಾವರು ಅವರು. ಅತ್ತೆಗೆ ಇದು ಗೊತ್ತು. ಗಂಡನ ಮಾನ ತನ್ನ ಮಾನವೆಂದು ಯಾರೆದುರೂ ಬಾಯಿ ಬಿಟ್ಟಿರಲಿಲ್ಲ.

ಹೀಗಿರುವಾಗ ಹಳೇ ಕಾರುಗಳ ಸಂಘದಿಂದ ಪರೀಕ್ಷಕರು ಬಂದರು. ಮೂಲರೂಪ ಕೆಡದ ಕಾರುಗಳಿಗೆ ಕೊಡುವ 'ಅಚ್ಚಳಿಯದ ಕಾರು' ಎಂಬ ಮಾನ್ಯತಾ ಪತ್ರಕ್ಕೆ ಮಾವ ಅರ್ಜಿ ಹಾಕಿದ್ದರು. ಅದನ್ನು ತೂಗುಹಾಕಲು ಅಂಗಡಿಯಲ್ಲಿ ಮೊಳೆ ಕೂಡ ಹೊಡೆದಾಗಿತ್ತು. ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳಿ ನಿಲ್ಲಿಸಿದರು. ಪರೀಕ್ಷಕರು ಭೂತಗನ್ನಡಿ ಹಿಡಿದು ಒಂದು ಗಂಟೆ ತಿರುಪು ತಿರುಪನ್ನೂ ನೋಡಿ ತಲೆದೂಗಿದರು. ಮಾವ ಹಿಗ್ಗಿ ಹೀರೇಕಾಯಾದರು.

"ಎಲ್ಲಾ ಸರಿಯಾಗಿದೆ. ಈಗ ಒಂದು ಸುತ್ತು ಓಡಿಸಿ."

"ಓಡಿಸೋದಾ? ಇದನ್ನ ನಾನು ಪೂಜ್ಯಭಾವದಿಂದ..."

"ಓಡದಿದ್ರೆ ಅದು ಕಾರಲ್ಲ ಸ್ವಾಮಿ, ಕಬ್ಬಿಣದ ಬೀರು. ಬೀರುಗಳಿಗೆ ನಾವು ಪತ್ರ ಕೊಡಲ್ಲ."

ಆಗಲಾದರೂ ನಿಜ ಹೇಳಬಹುದಿತ್ತು. ಆದರೆ ಮೊಳೆ ಕಣ್ಣಮುಂದೆ ಬಂತು. ಮಾವ ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಂಜಿನ್ ಚಾಲೂ ಮಾಡಿ, ಸಿಂಹಾಸನ ಏರಿದ ಗತ್ತಿನಲ್ಲಿ ಗೇರು ಎಳೆದರು. ಗೇಟು ಮುಂದಿತ್ತು, ಕಾರು ಹಿಂದಕ್ಕೆ ಹೊರಟಿತು! ಅತ್ತೆ ಒಣಗಹಾಕಿದ್ದ ಒದ್ದೆ ಬೆಡ್‌ಶೀಟುಗಳ ಸಾಲಿಗೆ ಹೊಕ್ಕು, ಹಗ್ಗವನ್ನು ಬಂಪರಿಗೆ ಸುತ್ತಿಕೊಂಡು, ಗೋಡೆಗೆ ಗೇಣಿರುವಾಗ ನಿಂತಿತು. ಗೀಚು ಗಾಯ ಏನೂ ಆಗಲಿಲ್ಲ. ಮೇಲೆ ಮಾತ್ರ ದೊಡ್ಡದೊಂದು ಶೀಟು ಕವುಚಿಕೊಂಡಿತು.

ಕತ್ತಲಲ್ಲಿ ಪರೀಕ್ಷಕರ ಧ್ವನಿ ಕೇಳಿತು. "ನಿಮ್ಮ ಲೈಸೆನ್ಸ್?"

"ಇಲ್ಲ ಸಾರ್. ನನಗೆ ಓಡಿಸೋಕೆ ಬರಲ್ಲ."

ಮಾವನಿಗೆ ಎಂಥ ನಾಚಿಕೆಯೆಂದರೆ, ಆ ಶೀಟಿನಡಿಯೇ ಉಳಿದ ಆಯುಷ್ಯ ಕಳೆಯುವುದು ಮೇಲೆನಿಸಿತು. ಅತ್ತೆ ಬಂದು ಶೀಟು ಸರಿಸಿದರು. ನಗಲಿಲ್ಲ.

"ಇವರಿಗೆ ಬರಲ್ಲ ಅಂತ ಬರ್ಕೊಳ್ಳಿ ಸಾರ್. ಕಾರಿಗೆ ಬರಲ್ಲ ಅಂತ ಬರೀಬೇಡಿ" ಎಂದು ಪರೀಕ್ಷಕರಿಗೆ ಹೇಳಿ, ಗಂಡನತ್ತ ತಿರುಗಿದರು. "ನೀವು ಹಿಂದೆ ಹೋಗಿ."

ಹಿಂದೆಯೆಂದರೆ ಎರಡು ಚೀಲ ಇಡುವಷ್ಟು ಜಾಗ. ಮಾವ ಮೊಣಕಾಲನ್ನು ಗದ್ದಕ್ಕೆ ಆನಿಸಿ ಮುದುರಿ ಕೂತರು. ಅತ್ತೆ ಹಗ್ಗ ಬಿಡಿಸಿ ಬಂದು, ಎರಡೇ ಬೆರಳಲ್ಲಿ ಗೇರು ಹಾಕಿದರು. ಕಾರು ಗೇಟು ದಾಟಿತು, ಅಂಚೆಕಚೇರಿ ದಾಟಿತು, ಏರು ರಸ್ತೆಯಲ್ಲಿ ಒಂಚೂರೂ ಏದುಸಿರು ಬಿಡದೆ ಹತ್ತಿತು. ದಾರಿಹೋಕರು ನಿಂತು ನಕ್ಕು ಕೈಬೀಸಿದರು. ಅಯ್ಯೋ, ಮೂರು ವರ್ಷ ಇದರ ಗೊರಕೆಯನ್ನೇ ಹಾಡು ಅಂದುಕೊಂಡಿದ್ದೆನಲ್ಲ ಎಂದು ಮಾವ ಪೇಚಾಡಿಕೊಂಡರು. ಮನೆ ಹತ್ತಿರ ಬಂದಾಗ ಮೀಟರು ನಾಲ್ಕು ಮೈಲಿ ಹೆಚ್ಚು ತೋರಿಸುತ್ತಿತ್ತು.

"ಇನ್ನೊಂದು ಸುತ್ತು ಹೋಗೋಣ ಕಣೇ" ಎಂದರು ಮಾವ.

ಪರೀಕ್ಷಕರು ಪತ್ರಕ್ಕೆ ಸಹಿ ಹಾಕಿದರು. "ಮುಂದಿನ ತಿಂಗಳು ನಮ್ಮ ಸಂಘದ ಕಾರುಗಳೆಲ್ಲ ಸೇರಿ ಇನ್ನೂರು ಮೈಲಿ ಹೋಗ್ತೀವಿ. ಇದೂ ಬರಲೇಬೇಕು."

"ಖಂಡಿತ ಬರ್ತೀವಿ!" ಎಂದರು ಮಾವ.

"ಇಂಥ ಚಿಕ್ಕ ಕಾರಿಗೆ ಇಬ್ಬರೇ. ಒಬ್ಬರಿಗೆ ಸುಸ್ತಾದ್ರೆ ಇನ್ನೊಬ್ಬರು ಓಡಿಸಬೇಕು. ಇಬ್ಬರಿಗೂ ಲೈಸೆನ್ಸ್ ಕಡ್ಡಾಯ."

ಮಾವ ಹೆಂಡತಿಯ ಮುಖ ನೋಡಿದರು. "ಹಾಗಾದ್ರೆ ನಾನು?"

ಅತ್ತೆ ಕಾರಿನ ಬಾಗಿಲನ್ನು ಮೆಲ್ಲಗೆ ಹಾಕಿದರು.

"ನಮ್ಮ ಡಿಪೋದ ಗೆಳತಿ ನನ್ನ ಜೊತೆ ಬರ್ತಾಳೆ. ನಾವು ಹೋಗಿ ಸೇರೋ ಊರಿಗೆ ನೀವು ಬೆಳಿಗ್ಗೆ ಐದೂವರೆ ಬಸ್ಸು ಹಿಡೀರಿ. ನಾವು ಅಲ್ಲಿ ಮುಟ್ಟೋ ಹೊತ್ತಿಗೆ ರಸ್ತೆ ಪಕ್ಕ ನಿಂತು ಕೈ ಬೀಸೋಕೆ ಸರಿಹೋಗುತ್ತೆ."