ಇಂಟು ಮಾರ್ಕಿನ ಯೋಗಪಟು

ಪುಸ್ತಕದಲ್ಲಿ ಒಂದು ಸಲ ಮುಖ ಅಚ್ಚಾಯಿತೆಂದರೆ ಮುಗಿಯಿತು, ಆಮೇಲೆ ಆಗುವುದಕ್ಕೆಲ್ಲ ಕೊನೆಯೇ ಇಲ್ಲ. ನಾನು ಹಾಲು ತರಲು ಹೋದರೂ ಏನೋ ಒಂದು ಆಗುತ್ತದೆ, ಹಲ್ಲು ಕೀಳಿಸಲು ಹೋದರೂ ಏನೋ ಒಂದು ಆಗುತ್ತದೆ. ಮೈಸೂರಿನಲ್ಲಿ ಯೋಗ ಮಾಡುವವರು ಬೀದಿಗೊಬ್ಬರಿದ್ದರೆ ಕಲಿಸುವವರು ಬೀದಿಗಿಬ್ಬರು. ಯೋಗದ ಪುಸ್ತಕ ಇಟ್ಟುಕೊಂಡವರಂತೂ ಮನೆಮನೆಯಲ್ಲೂ ಇದ್ದಾರೆ. ಇವರೆಲ್ಲರ ಕಣ್ಣಿಗೂ ಬಿದ್ದಿರುವವನು ನಾನು. ಎಲ್ಲವನ್ನೂ ಹೇಳುತ್ತ ಕೂತರೆ ಕೆಲಸಕ್ಕೆ ಹೊತ್ತಾಗುತ್ತದೆ, ಮುಖ್ಯವಾದ ಕೆಲವನ್ನು ಹೇಳಿಬಿಡುತ್ತೇನೆ.

೧. ಕೆಂಪು ಗುರುತು

ನಾನು ಒಂದು ಪುಸ್ತಕ ಪ್ರಕಾಶನದಲ್ಲಿ ಕರಡು ತಿದ್ದುವವನು. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಅದರಲ್ಲಿರುವ ತಪ್ಪುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕುವುದು ನನ್ನ ಕೆಲಸ. ವರ್ಷಾನುಗಟ್ಟಲೆ ಮೇಜಿನ ಮೇಲೆ ಬಗ್ಗಿ ಕೂತು ಕೂತು ನನ್ನ ಬೆನ್ನು ಬಗ್ಗಿದ ಜಾಗದಲ್ಲೇ ಬಗ್ಗಿ ನಿಂತಿದೆ. ಬೇರೆ ಎಲ್ಲಿಯೂ ಬಗ್ಗುವುದಿಲ್ಲ.

ಒಂದು ಸಲ ನಮ್ಮಲ್ಲಿ ಯೋಗದ ಪುಸ್ತಕ ಬರುವುದೆಂದಾಯಿತು. ಬರೆದವರು ಯೋಗ ಕಲಿಸುವ ಒಬ್ಬ ಮೇಷ್ಟ್ರು. ವಯಸ್ಸಾಗಿದ್ದರೂ ಊದುಬತ್ತಿಯ ಹಾಗೆ ನೆಟ್ಟಗಿದ್ದರು. ಫೋಟೋ ತೆಗೆಯುವ ದಿನ ಅವರ ಶಿಷ್ಯನೊಬ್ಬ ಬಂದು ಆಸನಗಳನ್ನೆಲ್ಲ ಹಾಕಿ ತೋರಿಸಿದ. ಅದು ಮುಗಿದ ಮೇಲೆ ಮೇಷ್ಟ್ರು ಕರಡು ತಿದ್ದುತ್ತಿದ್ದ ನನ್ನ ಕಡೆ ತಿರುಗಿದರು.

"ನೀವೂ ಸ್ವಲ್ಪ ಬನ್ನಿ ಸ್ವಾಮಿ. ಅವನು ಮಾಡಿದ್ದನ್ನೇ ಮಾಡಿ, ನಿಮ್ಮ ಕೈಲಾದಷ್ಟು."

ಸಾಮಾನ್ಯ ಜನರೂ ಯೋಗ ಮಾಡಬಹುದು ಅಂತ ತೋರಿಸಲು ನನ್ನನ್ನು ಕರೆದಿದ್ದಾರೆ ಅಂದುಕೊಂಡೆ. ಜೀವ ಒತ್ತೆಯಿಟ್ಟು ಮಾಡಿದೆ. ಬಗ್ಗಿ ಪಾದ ಮುಟ್ಟುವ ಆಸನದಲ್ಲಿ ಮಂಡಿಯವರೆಗೆ ತಲುಪಿದೆ. ಫೋಟೋದವನು, "ಸೂಪರ್ ಸಾರ್! ಹಂಗೇ ಇರಿ! ಇನ್ಯಾರಿಗೂ ಹಿಂಗೆ ಮಾಡಕ್ಕಾಗಲ್ಲ!" ಅಂದ. ಮೇಷ್ಟ್ರು ಕಣ್ಣರಳಿಸಿ, "ಅದ್ಭುತ" ಅಂದರು. ನಾನು ಮನೆಗೆ ಬಂದು ಹೆಂಡತಿಗೆ ಹೇಳಿದೆ, ಅವಳು ಬೀದಿಗೆಲ್ಲ ಹೇಳಿದಳು.

ಪುಸ್ತಕ ಬಂತು. ಪ್ರತಿ ಪುಟದಲ್ಲೂ ಎಡಗಡೆ ಆ ಶಿಷ್ಯ, ಅವನ ಕೆಳಗೆ ಕೆಂಪು ರೈಟ್ ಮಾರ್ಕು. ಬಲಗಡೆ ನಾನು, ನನ್ನ ಕೆಳಗೆ ಕೆಂಪು ಇಂಟು ಮಾರ್ಕು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸರಿಯಾದ ವಿಧಾನ ಅವನು, ತಪ್ಪು ವಿಧಾನ ನಾನು. ಸುಮ್ಮನೆ ಮಲಗುವ ಶವಾಸನದಲ್ಲಿ ಕೂಡ ಇಂಟು. ಕ್ಯಾಮೆರಾ ಎಲ್ಲಿದೆ ಅಂತ ನೋಡಲು ತಲೆ ಎತ್ತಿದ್ದೆನಂತೆ.

ಮೇಷ್ಟ್ರನ್ನು ಕೇಳಿದೆ. "ತಪ್ಪು ಮಾಡೋದು ಸುಲಭ ಅಲ್ಲ ಸ್ವಾಮಿ. ನನ್ನ ಶಿಷ್ಯರು ತಪ್ಪು ಮಾಡಿದ್ರೆ ನಾಟಕ ಆಡಿದ ಹಾಗೆ ಕಾಣುತ್ತೆ. ನಿಮ್ಮದು ಸಹಜ" ಅಂದರು.

ನನಗೆ ನಿಜವಾಗಿಯೂ ಬೇಜಾರಾಯಿತು. ಊರವರ ತಪ್ಪಿಗೆಲ್ಲ ಕೆಂಪು ಗುರುತು ಹಾಕುತ್ತ ಬಂದವನಿಗೆ ಊರೆಲ್ಲ ನೋಡುವ ಹಾಗೆ ಕೆಂಪು ಗುರುತು ಬಿತ್ತು. ಹೆಂಡತಿ ಮಾತ್ರ ಕನ್ನಡಕ ಹಾಕಿಕೊಂಡು ಒಂದು ಪುಟವನ್ನೂ ಬಿಡದೆ ನೋಡಿದಳು. "ಮದುವೆ ಆದಾಗಿಂದ ನಾನು ಬರೀ ಬಾಯಲ್ಲಿ ಹೇಳ್ತಿದ್ದೆ. ಇವರು ಅಚ್ಚೇ ಹಾಕ್ಸಿಬಿಟ್ರು" ಅಂದು, ಬಂದವರಿಗೆಲ್ಲ ಕಾಣುವಂತೆ ಪುಸ್ತಕವನ್ನು ಟಿವಿ ಪಕ್ಕ ಇಟ್ಟಳು.

"ತೆಗಿಯೇ ಅದನ್ನ" ಅಂದೆ.

"ಒಂದೇ ಒಂದು ರೈಟ್ ಮಾರ್ಕು ತೊಗೊಂಡು ಬನ್ನಿ, ತೆಗೀತೀನಿ. ಅಲ್ಲಾ ರೀ, ಮಲಗೋದಕ್ಕಾದ್ರೂ ಒಂದು ಸಿಗಬಾರದಿತ್ತಾ?"

೨. ಬಣ್ಣ ಹೋಯಿತು

ಅಂದಿನಿಂದ ನನಗೆ ಬೇರೆ ಆಸೆಯೇ ಉಳಿಯಲಿಲ್ಲ. ಒಂದು ರೈಟ್ ಮಾರ್ಕು ಬೇಕು, ಅದೂ ಅಚ್ಚಿನಲ್ಲೇ ಬೇಕು. ಅದು ಸಿಗುವುದಕ್ಕೆ ಮುಂಚೆ ಬೇರೊಂದು ಸಿಕ್ಕಿತು.

ಪುಸ್ತಕ ಚೆನ್ನಾಗಿ ಖರ್ಚಾಯಿತು. ನಮ್ಮ ಯಜಮಾನರು ಮರುಮುದ್ರಣ ಅಗ್ಗವಾಗಲಿ ಅಂತ ಕೆಂಪು ಬಣ್ಣ ತೆಗೆಸಿ ಬರೀ ಕಪ್ಪಿನಲ್ಲಿ ಅಚ್ಚು ಹಾಕಿಸಿದರು. ರೈಟು, ಇಂಟು, "ಸರಿ", "ತಪ್ಪು" ಎಲ್ಲವೂ ಇದ್ದದ್ದು ಕೆಂಪಿನಲ್ಲೇ. ಎಲ್ಲವೂ ಹೋದವು. ಈಗ ಪ್ರತಿ ಪುಟದಲ್ಲೂ ಇಬ್ಬರು ಗಂಡಸರು, ಒಂದೇ ಆಸನ, ಎರಡು ಬಗೆ. ಯಾರು ಸರಿ ಅನ್ನುವುದನ್ನು ಓದುಗರೇ ತೀರ್ಮಾನಿಸಬೇಕು.

ಒಂದು ದಿನ ಹೆಬ್ಬಾಳದ ಬಸ್ಸಿನಲ್ಲಿ ಹೋಗುತ್ತಿದ್ದೆ. ಫ್ಯಾಕ್ಟರಿ ಶಿಫ್ಟಿಗೆ ಹೊರಟಿದ್ದ ಒಬ್ಬರು ನನ್ನನ್ನೇ ದಿಟ್ಟಿಸಿ ನೋಡಿ, ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

"ಸಾ, ಯೋಗದ ಬುಕ್ಕಲ್ಲಿ ಇರೋರು ನೀವೇ ಅಲ್ವಾ?"

ಒಪ್ಪಿಕೊಂಡೆ.

"ನಾನು ದಿನಾ ನಿಮ್ದೇ ನೋಡ್ಕಂಡು ಮಾಡ್ತೀನಿ ಸಾ. ಸೊಂಟ ನೋವು ಎಷ್ಟೋ ವಾಸಿ. ಪಕ್ಕದಲ್ಲಿ ಒಬ್ಬ ಹುಡ್ಗ ಅವ್ನಲ್ಲ, ಅವಂದು ತಪ್ಪು ಬುಡಿ. ಮನುಷ್ಯನ ಬೆನ್ನು ಅಂಗೆಲ್ಲಾದ್ರೂ ಬಗ್ಗುತ್ತಾ?"

ಕರಡು ತಿದ್ದುವವನ ಮನಸ್ಸು ಕೇಳಲಿಲ್ಲ. "ಇಲ್ಲ ಯಜಮಾನ್ರೇ, ಅವನದ್ದೇ ಸರಿ. ನನ್ನದು ತಪ್ಪು" ಅಂದೆ.

ಅವರು ಎದ್ದು ನಿಂತು ಕೈಮುಗಿದು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು: "ನೋಡ್ರಪ್ಪಾ, ದೊಡ್ಡೋರು ಅಂದ್ರೆ ಇಂಗಿರಬೇಕು!"

೩. ಮೊದಲು, ಆಮೇಲೆ

ಆ ಅಗ್ಗದ ಪುಸ್ತಕ ಹಿನಕಲ್ ಕಡೆಯ ಒಂದು ಪುಸ್ತಕದಂಗಡಿಯಲ್ಲಿ ವಿಪರೀತ ಮಾರಾಟವಾಗುತ್ತಿತ್ತು. ಕಾರಣ ನೋಡಿಕೊಂಡು ಬನ್ನಿ ಅಂತ ಯಜಮಾನರು ನನ್ನನ್ನು ಕಳಿಸಿದರು. ನಾನು ಅಂಗಡಿಗೆ ಹೋದಾಗ ದಪ್ಪಗಿನ ಗಿರಾಕಿಯೊಬ್ಬರು ಪುಸ್ತಕ ತಿರುವುತ್ತಿದ್ದರು. ಅಂಗಡಿಯವನು ಬೆರಳಿಟ್ಟು ವಿವರಿಸುತ್ತಿದ್ದ.

"ಬಲಗಡೆ ಇರೋದು ಯೋಗ ಶುರು ಮಾಡೋಕೆ ಮುಂಚೆ. ಎಡಗಡೆ ಇರೋದು ಆಮೇಲೆ. ಒಬ್ಬರೇ ಮನುಷ್ಯ ಸ್ವಾಮಿ!"

"ಕೂದಲೂ ಬಂದುಬಿಟ್ಟಿದೆಯಲ್ಲ!" ಅಂದರು ಗಿರಾಕಿ.

"ಬರದೆ ಇನ್ನೇನು? ರಕ್ತ ಸಂಚಾರ ಸರಿಯಾದ್ರೆ ಎಲ್ಲ ಬರುತ್ತೆ."

ಅಷ್ಟರಲ್ಲಿ ಗಿರಾಕಿ ತಲೆ ಎತ್ತಿ ನನ್ನನ್ನು ನೋಡಿದರು. ಪುಸ್ತಕ ನೋಡಿದರು. ಮತ್ತೆ ನನ್ನ ಬೋಳು ತಲೆ, ಹೊಟ್ಟೆ ಎರಡನ್ನೂ ನೋಡಿದರು. "ರೀ, ಆ ಮುಂಚಿನವರು ಇಲ್ಲೇ ನಿಂತಿದಾರಲ್ಲ!"

ಸಿಕ್ಕಿಬಿದ್ದ ಅಂದುಕೊಂಡೆ. ಅಂಗಡಿಯವನು ನನ್ನನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟ.

"ಏನು ಹೇಳೋದು ಸ್ವಾಮಿ, ನಡುವೆ ನಿಲ್ಲಿಸಿಬಿಟ್ಟರು. ಯೋಗ ಬಿಟ್ಟರೆ ಹೀಗೇ ವಾಪಸ್ಸು ಬಂದುಬಿಡುತ್ತೆ. ನೀವು ಮಾತ್ರ ಬಿಡಬೇಡಿ."

ಗಿರಾಕಿ ಗಾಬರಿಯಿಂದ ಎರಡು ಪ್ರತಿ ಕೊಂಡು, ಹೋಗುವಾಗ ನನ್ನ ಬೆನ್ನು ಸವರಿ ಧೈರ್ಯ ಹೇಳಿ ಹೋದರು.

೪. ಫೋನಿನಲ್ಲಿ

ಪುಸ್ತಕದ ಹೆಸರು ಹಬ್ಬಿ, ಒಂದು ಟಿವಿ ಚಾನೆಲ್ಲಿನವರು ಬೆಳಗಿನ ಕಾರ್ಯಕ್ರಮಕ್ಕೆ ಮೇಷ್ಟ್ರನ್ನು ಕರೆದರು. ತಪ್ಪು ತೋರಿಸಲು ಮೇಷ್ಟ್ರು ನನ್ನನ್ನೂ ಎಳೆದುಕೊಂಡು ಹೋದರು. ನೇರ ಪ್ರಸಾರ. ನೋಡುವವರು ಫೋನು ಮಾಡಿ ಪ್ರಶ್ನೆ ಕೇಳಬಹುದಿತ್ತು. ಮೊದಲ ಫೋನು ಮಂಡಕಳ್ಳಿಯ ಕಡೆಯ ಒಬ್ಬ ಹೆಂಗಸಿನದು.

"ಕೇಳಿ ಅಮ್ಮಾ, ಗುರುಗಳು ನಿಮ್ಮ ಜೊತೇಲಿದಾರೆ" ಅಂದಳು ನಿರೂಪಕಿ.

"ಗುರುಗಳು ಬೇಡ ಕಣಮ್ಮ. ಆ ಪಕ್ಕದಲ್ಲಿ ಒದ್ದಾಡ್ತಾವ್ರಲ್ಲ, ಅವರಿಗೆ ಕೊಡು."

ಮೇಷ್ಟ್ರು ಮುಗುಳ್ನಕ್ಕು ಮೈಕನ್ನು ನನಗೆ ದಾಟಿಸಿದರು.

"ಸ್ವಾಮಿ, ನಾನೂ ಬಗ್ಗಿದ್ರೆ ಮಂಡಿ ತಂಕ ಬತ್ತೀನಿ. ಅಲ್ಲಿಂದ ಮುಂದಕ್ಕೆ ನೀವು ಏನು ಮಾಡ್ತೀರಿ?"

"ಏನೂ ಇಲ್ಲಮ್ಮ, ಅಲ್ಲೇ ನಿಂತುಬಿಡ್ತೀನಿ."

ಆ ಕಡೆಯಿಂದ ದೊಡ್ಡ ಉಸಿರು ಕೇಳಿಸಿತು. "ಸದ್ಯ! ಟಿವೀಲಿ ಒಬ್ಬರಾದ್ರೂ ನಿಜ ಹೇಳಿದ್ರಲ್ಲ!"

ಅವತ್ತು ಬಂದ ಉಳಿದ ಫೋನುಗಳೂ ನನಗೇ ಬಂದವು. ಕೊನೆಗೆ ಮೇಷ್ಟ್ರೂ ಒಂದು ಪ್ರಶ್ನೆ ಕೇಳಿದರು. ಮನೆಗೆ ಹೋಗೋಣವಾ ಅಂತ.

೫. ವಿರಾಮ

ಅದೇ ಕಾರ್ಯಕ್ರಮದಲ್ಲಿ ಇನ್ನೊಂದು ನಡೆದದ್ದು ನನಗೆ ಮಾರನೆಯ ದಿನ ಗೊತ್ತಾಯಿತು. ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಹೆಡ್‌ಮಿಸ್ಸು ಒಬ್ಬರಿದ್ದಾರೆ. ಜೀವಮಾನವೆಲ್ಲ ಮಕ್ಕಳಿಗೆ ಹೇಳಿದ ಹಾಗೆ ಕೇಳಿ ಅಂತ ಕಲಿಸಿದವರು, ತಾವೂ ಹಾಗೆಯೇ ಇರುವವರು. ಟಿವಿ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದರಂತೆ. ಮೇಷ್ಟ್ರು, "ಉಸಿರನ್ನ ಒಳಗೆ ತೊಗೊಳ್ಳಿ, ಹಾಗೇ ಹಿಡಿದಿಡಿ" ಅಂದಿದ್ದರು. ಆ ಕ್ಷಣಕ್ಕೆ ನಿರೂಪಕಿ ಪುಟ್ಟ ವಿರಾಮ ಘೋಷಿಸಿದಳು. ಒಡವೆ ಅಂಗಡಿಯ ಜಾಹೀರಾತು ಬಂತು, ಸೋಪಿನದು ಬಂತು, ನಿವೇಶನದ್ದು ಬಂತು.

ಬೆಳಿಗ್ಗೆ ಕಾಂಪೌಂಡಿನ ಹತ್ತಿರ ನನ್ನನ್ನು ನಿಲ್ಲಿಸಿ ತರಾಟೆಗೆ ತೆಗೆದುಕೊಂಡರು. "ಹಿಡಿದಿಡಿ ಅಂದವರು ಬಿಡಿ ಅನ್ನಬೇಕೋ ಬೇಡವೋ? ಸೋಪು ಮುಗಿಯೋ ತನಕ ಕಾದೆ. ನಿಮ್ಮ ಮೇಷ್ಟ್ರು ಬರಲೇ ಇಲ್ಲ."

"ಆಮೇಲೆ ಏನು ಮಾಡಿದ್ರಿ ಮೇಡಂ?"

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಇನ್ನೇನು ಮಾಡೋದು, ಪರ್ಮಿಷನ್ ಇಲ್ಲದೆ ನಾನೇ ಬಿಟ್ಟುಬಿಟ್ಟೆ."

೬. ರೈಟ್ ಮಾರ್ಕು

ಇಷ್ಟೆಲ್ಲ ಹೆಸರು ಬಂದರೂ ಮನೆಯ ಟಿವಿ ಪಕ್ಕ ಆ ಕೆಂಪು ಇಂಟುಗಳ ಪುಸ್ತಕ ಹಾಗೇ ನಿಂತಿತ್ತು. ದಿನವೂ ಹೆಂಡತಿ ಅದರ ಧೂಳು ಒರೆಸುತ್ತಿದ್ದಳು, ಅದೂ ನಾನು ಮನೆಯಲ್ಲಿದ್ದಾಗಲೇ.

ಯೋಗ ದಿನ ಬಂತು. ದೊಡ್ಡ ಮೈದಾನ, ಎತ್ತರದ ವೇದಿಕೆ, ಅದರ ಹಿಂದೆ ಗೋಡೆಯಷ್ಟು ದೊಡ್ಡ ಪರದೆ. ವೇದಿಕೆಯ ಮೇಲೆ ಮೇಷ್ಟ್ರು. ಪಕ್ಕದಲ್ಲಿ ತಪ್ಪು ತೋರಿಸಲು, ಹೊಸ ಬಿಳಿ ಪೈಜಾಮದಲ್ಲಿ ನಾನು. ಕೆಳಗೆ ಜನವೋ ಜನ. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಗಳು, ಅವರ ಹಿಂದೆ ನನ್ನ ಹೆಂಡತಿ, ಅವಳ ಪಕ್ಕ ಹೆಡ್‌ಮಿಸ್ಸು. ಹೆಬ್ಬಾಳದ ಬಸ್ಸಿನಲ್ಲಿ ಸಿಕ್ಕಿದ್ದ ಯಜಮಾನರೂ ಫ್ಯಾಕ್ಟರಿಯ ಗೆಳೆಯರನ್ನು ಕಟ್ಟಿಕೊಂಡು ಬಂದು, "ಅವ್ರೇ ಕಣ್ರೋ ನಮ್ ಗುರುಗಳು" ಅಂತ ನನ್ನನ್ನು ತೋರಿಸುತ್ತಿದ್ದರು.

ಒಂಟಿಕಾಲಿನ ಮೇಲೆ ನಿಲ್ಲುವ ವೃಕ್ಷಾಸನ ಬಂತು. ಒಂದು ಪಾದವನ್ನು ಇನ್ನೊಂದು ಕಾಲಿನ ತೊಡೆಗೆ ಒತ್ತಿ, ಎರಡೂ ಕೈಗಳನ್ನು ತಲೆಯ ಮೇಲೆ ಜೋಡಿಸಿ ನಿಲ್ಲಬೇಕು. ಮೇಷ್ಟ್ರು ಮೈಕಿನಲ್ಲಿ, "ಎಲ್ಲರೂ ಕಾಲೆತ್ತಿ. ಈಗ ಮೊದಲು ತಪ್ಪು..." ಅನ್ನುವಷ್ಟರಲ್ಲಿ ಮೈಕು ಸತ್ತಿತು. ಪರದೆ ಮಾತ್ರ ಬೆಳಗುತ್ತಿತ್ತು. ಅದರ ಮೇಲೆ ಕಾಣುತ್ತಿದ್ದವನು ನಾನು.

ಮೇಷ್ಟ್ರು ಕೈ ಮೇಲೆತ್ತಿ ಕಂಬದಂತೆ ನಿಂತುಬಿಟ್ಟರು. ನಾನೂ ಕಾಲೆತ್ತಿದೆ. ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ, ಇನ್ನೇನು ಬಿದ್ದೆ ಅನ್ನುವಾಗ ಕೈ ಚಾಚಿ ಮೇಷ್ಟ್ರ ಹೆಗಲು ಹಿಡಿದುಕೊಂಡೆ. ನಿಂತೆ.

ಮೈದಾನದಲ್ಲಿ ಅಷ್ಟು ಹೊತ್ತಿಗೆ ಎಲ್ಲರೂ ತೂರಾಡುತ್ತಿದ್ದರು. ಪರದೆಯ ಮೇಲೆ ನನ್ನನ್ನು ನೋಡಿದರು. "ಪಕ್ಕದೋರ ಹೆಗಲು ಹಿಡ್ಕಳ್ರೋ!" ಅಂತ ಹೆಬ್ಬಾಳದ ಯಜಮಾನರು ಕೂಗಿದರು. ಒಂದೊಂದೇ ಸಾಲು ಹೆಗಲ ಮೇಲೆ ಕೈ ಹಾಕುತ್ತ ಬಂತು. ತೂರಾಟ ನಿಂತಿತು. ಮುಖ್ಯ ಅತಿಥಿಗಳು ತಮ್ಮ ಡ್ರೈವರಿನ ಹೆಗಲು ಹಿಡಿದಿದ್ದರು. ನನ್ನ ಹೆಂಡತಿಯ ಹೆಗಲನ್ನು ಹೆಡ್‌ಮಿಸ್ಸು ಹಿಡಿದಿದ್ದರು. ಇಡೀ ಮೈದಾನ ಒಂಟಿಕಾಲಿನಲ್ಲಿ ನಿಂತಿತ್ತು, ಒಬ್ಬರೂ ಬೀಳಲಿಲ್ಲ. ಚಪ್ಪಾಳೆ ತಟ್ಟೋಣವೆಂದರೆ ಯಾರ ಕೈಯೂ ಖಾಲಿ ಇರಲಿಲ್ಲ, ಹಾಗಾಗಿ ಸಿಳ್ಳೆ ಹೊಡೆದರು.

ನಾನು ಹೆದರಿ ಕೈ ತೆಗೆಯಲು ಹೋದೆ. "ಬಿಡಬೇಡಿ ಸ್ವಾಮಿ, ಬಿಟ್ಟರೆ ಅಷ್ಟೂ ಜನ ಬೀಳ್ತಾರೆ" ಅಂದರು ಮೇಷ್ಟ್ರು, ತುಟಿ ಅಲುಗಿಸದೆ.

ಮಾರನೆಯ ದಿನ ಪತ್ರಿಕೆಯಲ್ಲಿ ಡ್ರೋನಿನಿಂದ ತೆಗೆದ ದೊಡ್ಡ ಫೋಟೋ ಬಂತು. ಮೈದಾನವೆಲ್ಲ ಹೆಗಲ ಮೇಲೆ ಕೈ, ವೇದಿಕೆಯ ಮೇಲೆ ನಾನೂ ಹಾಗೆಯೇ. ಒಬ್ಬರು ಮಾತ್ರ ಎಲ್ಲರಿಗಿಂತ ಬೇರೆಯಾಗಿ ಕೈ ಮೇಲೆತ್ತಿ ನಿಂತಿದ್ದಾರೆ. ಆ ಪತ್ರಿಕೆ ಹಿಡಿದುಕೊಂಡು ಮೇಷ್ಟ್ರು ನಮ್ಮ ಕಚೇರಿಗೆ ಬಂದು, "ನಿಮ್ಮ ಕೆಂಪು ಪೆನ್ನು ಕೊಡಿ" ಅಂದರು. ಇನ್ನೊಂದು ಇಂಟು ಬಿತ್ತು ಅಂದುಕೊಂಡೆ. ಅವರು ಫೋಟೋದಲ್ಲಿ ತಮ್ಮದೇ ತಲೆಯ ಮೇಲೆ ಇಂಟು ಎಳೆದರು.

"ಅಷ್ಟು ದೊಡ್ಡ ಮೈದಾನದಲ್ಲಿ ತಪ್ಪು ಮಾಡಿದವನು ನಾನೊಬ್ಬನೇ" ಅಂದು ಗಹಗಹಿಸಿ ನಕ್ಕು, ನನ್ನ ತಲೆಯ ಮೇಲೆ ರೈಟ್ ಮಾರ್ಕು ಹಾಕಿದರು. "ಒಂಟಿಕಾಲಲ್ಲಿ ನಿಲ್ಲೋಕೆ ಹೆದರೋರಿಗೆ ಇದೇ ಮೊದಲ ಪಾಠ. ಹೊಸ ಮುದ್ರಣದಲ್ಲಿ ಸೇರಿಸೋಣ. ಫೋಟೋ ನಿಮ್ಮದೇ."

ನನಗೆ ಕಣ್ಣು ತುಂಬಿ ಬಂತು, ಹೇಳಲು ನಾಚಿಕೆಯೇನಿಲ್ಲ. ಆ ಪುಟದ ಕರಡನ್ನು ನಾನೇ ತಿದ್ದಿದೆ. ಅಕ್ಷರಗಳ ಮೇಲೆ ಕಣ್ಣಾಡಿಸಿದ್ದಕ್ಕಿಂತ ಹೆಚ್ಚು ಹೊತ್ತು ಆ ರೈಟ್ ಮಾರ್ಕನ್ನೇ ನೋಡಿದೆ. ಯಜಮಾನರು ಮುಂದೆ ಎಂದಾದರೂ ಬಣ್ಣ ತೆಗೆಸಿದರೂ ಅದು ಅಳಿಯಬಾರದೆಂದು ಕಪ್ಪಿನಲ್ಲೇ ಹಾಕಿಸಿದೆ.

ಹೊಸ ಪುಸ್ತಕವನ್ನು ಮನೆಗೆ ತಂದು ಹೆಂಡತಿಯ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದಳು. ಟಿವಿ ಪಕ್ಕದ ಹಳೆಯದನ್ನು ತೆಗೆದು ಒಳಗಿಟ್ಟು, ಹೊಸದನ್ನು ಆ ಪುಟಕ್ಕೇ ಬಿಡಿಸಿ ನಿಲ್ಲಿಸಿದಳು. ಆಮೇಲೆ ನನ್ನ ಪಕ್ಕ ಬಂದು, ಸೆರಗು ಸಿಕ್ಕಿಸಿಕೊಂಡು, ಒಂದು ಕಾಲೆತ್ತಿ ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಸರಿಯಾಗಿದೆಯಾ ನೋಡ್ರೀ?"

ಕರಡು ನೋಡುವ ಹಾಗೆ ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಪಾದ ತೊಡೆಗೆ ತಾಗಿರಲಿಲ್ಲ, ಮಂಡಿಯ ಮೇಲೆ ಕೂತಿತ್ತು.

"ಇಂಟು" ಅಂದೆ. ಮದುವೆಯಾದಾಗಿನಿಂದ ಮೊದಲನೇ ಸಲ.

ಅವಳು ಉತ್ತರ ಕೊಡಲು ಬಾಯಿ ತೆಗೆದಳು, ತೆಗೆದ ಕೂಡಲೇ ವಾಲಿದಳು. ಬಾಯಿ ಮುಚ್ಚಿಕೊಂಡು ನನ್ನ ಹೆಗಲನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ನನಗೆ ಅವಸರವೇನೂ ಇರಲಿಲ್ಲ. ಉಳಿದ ತಪ್ಪುಗಳನ್ನು ನಿಧಾನವಾಗಿ ಒಂದೊಂದಾಗಿ ಹೇಳತೊಡಗಿದೆ.