ಎರಡಂಗುಲ ಸಂದಿನ ವಿಷಯ

ಹಾಸನದ ಕಚೇರಿಯಲ್ಲಿ ಕೂತೇ ಹೊಳೆನರಸೀಪುರದಲ್ಲಿ ಗೋಡೆ ಎಬ್ಬಿಸಬಲ್ಲ ಇಂಜಿನಿಯರ್ ರವೀಂದ್ರ ಅವರ ಸನ್ನಿಧಿಗೆ,

ಮಾನ್ಯರೇ,

ಹೈಸ್ಕೂಲು ಮೇಷ್ಟ್ರು ಗಿರಿಧರನ ನಮಸ್ಕಾರಗಳು. ತಾವು ಕುಶಲವೆಂದೂ, ತಮ್ಮ ಕಚೇರಿಯ ಗೋಡೆಗಳು ಒಣಗಿವೆಯೆಂದೂ ನಂಬಿದ್ದೇನೆ.

ನನ್ನ ಹೆಂಡತಿ ಪ್ರತಿಭಾಳಿಗೆ ಉಬ್ಬಸ. ಬಾಡಿಗೆ ಮನೆಯ ತೇವದ ಗೋಡೆಯ ಪಕ್ಕ ಆರು ಮಳೆಗಾಲ ಎದ್ದು ಕೂತು ಉಸಿರೆಳೆದವಳು ಅವಳು. ಆದ್ದರಿಂದ ತಾವು ಹೊಸ ಮನೆಗೆ ಜೋಡಿ ಗೋಡೆ ಸೂಚಿಸಿ, ಹೊರಗೊಂದು ಇಟ್ಟಿಗೆ ಗೋಡೆ, ಒಳಗೊಂದು, ನಡುವೆ ಎರಡಂಗುಲ ಸಂದು, ಹೊರಗೋಡೆ ದಾಟಿದ ನೀರು ಸಂದಿನಲ್ಲೇ ಇಳಿದು ಬುಡದ ಕಿಂಡಿಗಳಿಂದ ಆಚೆ ಹೋಗುತ್ತದೆ, ಒಳಗೋಡೆಗೆ ಹನಿಯೂ ತಾಗದು ಎಂದು ಚಿತ್ರ ಬರೆದು ತೋರಿಸಿದಾಗ, ಅವಳು ಸಂತೋಷಕ್ಕೆ ತಮಗೆ ಎರಡನೇ ಸಲ ಕಾಫಿ ಕೊಟ್ಟಳು.

ಆ ಸಂದನ್ನು ಖಾಲಿ ಇಡಬೇಕೆಂಬ ಚಿಕ್ಕ ಸಂಗತಿಯನ್ನು ಮೇಸ್ತ್ರಿ ಕೃಷ್ಣಪ್ಪನಿಗೆ ಹೇಳಲು ಮಾತ್ರ ತಮಗೆ ಪುರಸೊತ್ತಾಗಲಿಲ್ಲ. ಕರಣೆಯಿಂದ ಜಾರಿದ ಗಾರೆಯೆಲ್ಲ ಅಲ್ಲಿಗೇ ಬಿದ್ದು, ನೀರು ಒಳಗೋಡೆಗೆ ದಾಟಲು ಸೇತುವೆಯಾಯಿತು. ಕಿಂಡಿಗಳೆಲ್ಲಿ ಎಂದರೆ, "ಇಲಿ ನುಗ್ತವೆ ಅಂತ ನಾನೇ ಮುಚ್ಬುಟ್ಟೆ ಸಾ" ಎಂದು ಆತ ಹೆಮ್ಮೆಪಟ್ಟ. ಗೋಡೆ ಕಿಟಕಿ ಮಟ್ಟಕ್ಕೆ ಬಂದ ದಿನ ಮಳೆ ಹೊಡೆಯಿತು; ಗೋಡೆಯ ತಲೆಗೆ ಹೊದಿಸಬೇಕಿದ್ದ ಟಾರ್ಪಾಲು ಮರಳಿನ ರಾಶಿಯ ಮೇಲೆ ಬೆಚ್ಚಗೆ ಮಲಗಿತ್ತು. ಫೋನ್ ಮಾಡಿದೆ. "ಬಿಸಿಲು ಬಂದ್ರೆ ಒಣಗುತ್ತೆ ಬಿಡಿ ಸಾರ್" ಎಂದಿರಿ. ಇಂಥ ಸ್ಥಿತಪ್ರಜ್ಞರನ್ನು ನಾನು ಪಾಠ ಮಾಡುವ ಪುಸ್ತಕಗಳಲ್ಲೂ ಕಂಡಿಲ್ಲ.

ಐದು ದಿನ ಬಿಸಿಲು ಬಂತು. ಆರನೆಯ ದಿನ ಪ್ರತಿಭಾ ಒಳಗೋಡೆಗೆ ಅಂಗೈ ಒತ್ತಿ, ಒದ್ದೆ ಕೈ ನನಗೆ ತೋರಿಸಿ, "ಇದರೊಳಗೆ ನಾನು ಮಲಗಲ್ಲ ಕಣ್ರೀ" ಎಂದಳು. ನಾನು ತಮಗೆ ಮತ್ತೆ ಫೋನ್ ಮಾಡುತ್ತಾ ನಿಂತೆ. ಅವಳು ಮೂಗಿಗೆ ಸೆರಗು ಕಟ್ಟಿ, ಕೃಷ್ಣಪ್ಪನ ಕೈಯಲ್ಲಿ ಬುಡದ ನಾಲ್ಕು ಇಟ್ಟಿಗೆ ಕೀಳಿಸಿದಳು. ನೀರು ಬುಳಬುಳನೆ ಬಂತು. ಹಿಂದೆಯೇ ಗಟ್ಟಿಯಾದ ಗಾರೆ, ಇಟ್ಟಿಗೆ ಚೂರು, ಒಂದು ಹವಾಯಿ ಚಪ್ಪಲಿ. "ಅಯ್ಯೋ, ಇದು ನಂದೇ ಕಣಮ್ಮ, ಓದ ವಾರದಿಂದ ಉಡುಕ್ತಿದ್ದೆ" ಎಂದ ಕೃಷ್ಣಪ್ಪ. ಆಮೇಲೆ ಮಿಕ್ಕ ಗಾರೆಯನ್ನು ತಾನೇ ಕೆರೆದು ತೆಗೆದ.

ಅಂದಿನಿಂದ ಸಂದಿನಲ್ಲಿ ಹಗ್ಗ ಕಟ್ಟಿದ ಮರದ ಪಟ್ಟಿ ಕೂತಿದೆ. ಬಿದ್ದ ಗಾರೆ ಅದರ ಮೇಲೆ ನಿಲ್ಲುತ್ತದೆ, ನಾಲ್ಕು ಸಾಲು ಇಟ್ಟಿಗೆಗೊಮ್ಮೆ ಎತ್ತಿ ಒರೆಸುತ್ತಾರೆ. ಕಿಂಡಿಗಳನ್ನು ಬಿಡಿಸಿ ಇಲಿ ಬಾರದಂತೆ ಜಾಲರಿ ಹಾಕಿದ್ದೇವೆ. ಸಂಜೆಯಾದರೆ ಗೋಡೆಗೆ ಟಾರ್ಪಾಲು. ಇದನ್ನೆಲ್ಲ ಪ್ರತಿಭಾ ವಿಡಿಯೊ ನೋಡಿ ಕಲಿತಳು. ಮೊನ್ನೆ ಮಧ್ಯಾಹ್ನವಿಡೀ ಮಳೆ ಸುರಿದಾಗ ಕಿಂಡಿಗಳಲ್ಲಿ ನೀರು ಹರಿಯಿತು, ಒಳಗೋಡೆ ಒಣಗಿಯೇ ಇತ್ತು. ಅವಳು ಅದಕ್ಕೆ ಕೆನ್ನೆ ಒತ್ತಿ ಕಣ್ಣು ಮುಚ್ಚಿ ನಿಂತಿದ್ದಳು. ನಾನು ಸದ್ದಿಲ್ಲದೆ ಆಚೆ ಬಂದುಬಿಟ್ಟೆ.

ಆದಕಾರಣ ತಮ್ಮಲ್ಲಿ ವಿನಂತಿ: ಇನ್ನು ಮುಂದೆ ಎರಡು ದಿನ ಮೊದಲೇ ನೋಟಿಸು ಕೊಟ್ಟು ಬರುವಂತೆ ಮೋಡಗಳಿಗೆ ಆದೇಶಿಸಬೇಕು, ಅದಾಗದಿದ್ದರೆ, ಒಂದು ಮಳೆಗಾಲ ತಾವೇ ಆ ಎರಡಂಗುಲದಲ್ಲಿ ಬಿಡಾರ ಹೂಡಿ ನೀರಿನ ದಾರಿಯನ್ನು ಖುದ್ದಾಗಿ ಪರಿಶೀಲಿಸಬೇಕು.

ತಮ್ಮ ದರ್ಶನ ಭಾಗ್ಯವಿಲ್ಲದೆಯೂ ತಮ್ಮ ವಿಶ್ವಾಸಿಯೇ ಆಗಿರುವ,
ಗಿರಿಧರ

ತಾ.ಕ.: ಚನ್ನರಾಯಪಟ್ಟಣದಿಂದ ಒಬ್ಬರು ನಮ್ಮ ಗೋಡೆ ನೋಡಲು ಬಂದು, "ನಿಮ್ಮ ಇಂಜಿನಿಯರ್ ಯಾರು?" ಎಂದು ಕೇಳಿದರು. ಗೋಡೆಗೆ ಕಟ್ಟಿದ ಸಾರುವೆಯ ಹಲಗೆಯ ಮೇಲೆ ನಿಂತಿದ್ದ ನನ್ನ ಹೆಂಡತಿಯನ್ನು ತೋರಿಸಿದೆ.